ದಾರಿ ಹೇಳದ ಪ್ರಕಟಣೆಯಕ್ಕ

ಯಾರಾದರೂ ದಾರಿ ಕೇಳಿದರೆ ಪ್ರಕಟಣೆಯಕ್ಕನ ಕೈ ಸೆರಗಿನೊಳಗೆ ಸೇರಿಕೊಳ್ಳುತ್ತದೆ. ಅಂಚೆ ಕಚೇರಿ ಎದುರಿಗೇ ಕಾಣುತ್ತಿದ್ದರೂ ಎಡಕ್ಕೆ, ಬಲಕ್ಕೆ ಎನ್ನುವ ಮಾತು ಅವರ ಬಾಯಿಂದ ಹೊರಡುವುದಿಲ್ಲ. ತಲೆ ತಗ್ಗಿಸಿ, ಗೋಡೆಗೆ ಒತ್ತಿಕೊಂಡಂತೆ ಬೇಗಬೇಗ ನಡೆದುಬಿಡುತ್ತಾರೆ. ಬಡಾವಣೆಗೆ ಹೊಸಬನಾದ ಹಾಲಿನಂಗಡಿಯವನಿಗೆ ಇದೊಂದು ತಮಾಷೆ. "ಯಮ ಬಂದು ಈ ಅಂಗಡಿ ಎಲ್ಲಿ ಅಂತ ಕೇಳಿದ್ರೂ ಅಕ್ಕ ಹೇಳಲ್ಲ. ನನಗೆ ಅದೇ ಧೈರ್ಯ," ಎನ್ನುತ್ತಾನೆ.

ಇಪ್ಪತ್ತೆರಡು ವರ್ಷ ದೊಡ್ಡ ರೈಲು ನಿಲ್ದಾಣದ ಗಾಜಿನ ಕೋಣೆಯಲ್ಲಿ ಕುಳಿತು, ಮೈಕಿನಲ್ಲಿ ಪ್ರಕಟಣೆ ಓದುತ್ತ ಊರಿಗೆಲ್ಲ ದಾರಿ ಹೇಳಿದವರು ಅವರು. ಆ ದನಿ ಕೇಳಿದರೆ ತಡವಾದ ಗಾಡಿಯ ಮೇಲೂ ಸಿಟ್ಟು ಬರುತ್ತಿರಲಿಲ್ಲವಂತೆ. ಒಂದು ಬೆಳಿಗ್ಗೆ ಮೊದಲನೆಯ ಪ್ಲಾಟ್‌ಫಾರ್ಮಿನಲ್ಲಿ ಬಾಂಬು ಸಿಡಿದಾಗ, ಅಪಾಯದ ಹೊತ್ತಿಗೆಂದು ಮೇಜಿನ ಗಾಜಿನಡಿ ಇಟ್ಟಿದ್ದ ಚೀಟಿಯನ್ನು ಅವರು ಒಂದಕ್ಷರ ತಪ್ಪದೆ, ದನಿ ನಡುಗದಂತೆ ಓದಿದರು: ಎಲ್ಲರೂ ಸಮಾಧಾನದಿಂದ ಸುರಂಗದಾರಿಯ ಕಡೆ ನಡೆಯಿರಿ. ಜನ ನಂಬಿ ನಡೆದರು. ಎರಡನೆಯ ಬಾಂಬು ಇದ್ದದ್ದು ಅಲ್ಲೇ.

ವಿಚಾರಣೆ ನಡೆಸಿದವರು ಅವರದೇನೂ ತಪ್ಪಿಲ್ಲ ಎಂದು ಬರೆದರು. ದೇಶದ ತುಂಬ ನಿಲ್ದಾಣಗಳಿಂದ ಕಸದ ಡಬ್ಬಿಗಳು ಮಾಯವಾದವು, ಬಾಗಿಲುಗಳಲ್ಲಿ ತಪಾಸಣೆಯ ಕಮಾನುಗಳು ಎದ್ದವು, ಪಕ್ಕದವರ ಚೀಲವನ್ನು ಓರೆಗಣ್ಣಿನಿಂದ ನೋಡುವುದು ಮಕ್ಕಳಿಗೂ ರೂಢಿಯಾಯಿತು. ಅಕ್ಕ ಕೆಲಸ ಬಿಟ್ಟರು. ಮನೆಯಲ್ಲೂ ಯಾರಿಗೂ ಏಳು, ಕೂರು ಎಂದವರಲ್ಲ.

ಹದಿನಾಲ್ಕು ವರ್ಷ ಕಳೆದ ಮೇಲೆ, ಗಂಡನ ಏಟು ತಾಳಲಾರದೆ ಮಗಳು ಫೋನ್ ಮಾಡಿದಳು. ಮನೆ ಬಿಟ್ಟರೆ ದಾರಿಯಲ್ಲೇ ಕೊಲ್ಲುತ್ತೇನೆ ಎಂದು ಅವನು ಹೆದರಿಸಿದ್ದನಂತೆ. ಇರುವುದಕ್ಕೂ ಭಯ, ಹೊರಡುವುದಕ್ಕೂ ಭಯ.

"ಬಾ ಅಂತ ಒಂದು ಮಾತು ಹೇಳಮ್ಮ, ಹೊರಟುಬಿಡ್ತೀನಿ."

ಒಂದೇ ಅಕ್ಷರ, ಆದರೆ ಅದೂ ದಾರಿ ಹೇಳಿದಂತೆಯೇ. ದಾರಿಯಲ್ಲಿ ಏನು ಕಾದಿದೆಯೋ ಬಲ್ಲವರಾರು? "ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡು ಕಂದ," ಎಂದರು ಅಕ್ಕ.

"ಊರಿಗೆಲ್ಲ ಹೇಳಿದೆ. ನನಗೆ ಹೇಳೋಕೆ ನಿನಗೆ ಬಾಯಿಲ್ಲ."

ಮಗಳು ಹೊರಡಲಿಲ್ಲ. ಮತ್ತೆ ಫೋನೂ ಮಾಡಲಿಲ್ಲ. ಅಕ್ಕ ತಾವೇ ಹೋಗಿ ಬಾಗಿಲು ತಟ್ಟಿದಾಗ ಅಳಿಯ ಅಡ್ಡ ನಿಂತ. ಚೆನ್ನಾಗಿದ್ದೀನಿ ಎನ್ನುವ ಮಾತು ಒಳಗಿನಿಂದ ಬಂತು, ಮುಖ ಬರಲಿಲ್ಲ.

ತಪ್ಪು ಮಾಡಿದವರಿಗೆ ಶಿಕ್ಷೆಯಾದರೂ ಇರುತ್ತದೆ, ಅದು ಒಂದಲ್ಲ ಒಂದು ದಿನ ಮುಗಿಯುತ್ತದೆ. ಏನೂ ತಪ್ಪು ಮಾಡದೆ ಪರರ ಸಾವಿಗೆ ಕಾರಣರಾದವರಿಗೆ ಅದೂ ಇಲ್ಲ. ಸರ್ಕಾರ ಅವರನ್ನು ನಿರಪರಾಧಿ ಎಂದಿತು, ಜನ ಮರೆತರು. ಆ ಸಾವುಗಳನ್ನು ಕ್ಷಮಿಸುವ ಹಕ್ಕಿದ್ದವರು ಮಾತ್ರ ಯಾರೂ ಬದುಕಿಲ್ಲ.