ಈ ಓಣಿಯಲ್ಲಿ ಸುನಿತಾ ಇಲ್ಲ

ತಿಳವಳ್ಳಿಯ ಹೊನ್ನವ್ವನಿಗೆ ಯಾರ ಮೇಲೂ ಪೂರ್ತಿ ನಂಬಿಕೆ ಇರಲಿಲ್ಲ. ಹಾಲಿನವನು ಅಳೆದು ಹಾಕಿದ ಹಾಲನ್ನು ತನ್ನ ಚೊಂಬಿನಲ್ಲಿ ಇನ್ನೊಮ್ಮೆ ಅಳೆದೇ ಒಳಗೊಯ್ಯುವ ಹೆಂಗಸು. ಬಸ್ಸಿನ ಟಿಕೀಟನ್ನು, ಓದಲು ಬಾರದಿದ್ದರೂ, ಎರಡೂ ಕಡೆ ತಿರುಗಿಸಿ ನೋಡಿ ಸೆರಗಿಗೆ ಕಟ್ಟುವವಳು. ಅಂಥವಳ ಸೊಸೆ ದುಬೈಗೆ ಹೋಗುತ್ತೇನೆ ಎಂದು ನಿಂತರೆ ಏನಾಗಬೇಕು, ನೀವೇ ಹೇಳಿ.

ಅದೂ ಯಾತಕ್ಕೆ? ರೊಟ್ಟಿ ಬಡಿಯಲಿಕ್ಕೆ! ಸೊಸೆ ನಾಗರತ್ನಾ ನಾಲ್ಕು ವರ್ಷದಿಂದ ಹಾನಗಲ್ಲಿನ ಒಂದು ರೊಟ್ಟಿ ಕೇಂದ್ರದಲ್ಲಿ ದುಡಿಯುತ್ತಿದ್ದಳು. ಕೇಂದ್ರದ ಒಡತಿ ಶೀಲಾಗೆ ದುಬೈ ಕನ್ನಡಿಗರ ಪರಿಚಯ. ರಾಜ್ಯೋತ್ಸವದ ಊಟಕ್ಕೆ ಅವರಿಗೆ ಕೈಯಲ್ಲಿ ಬಡಿದ ಬಿಸಿ ಜೋಳದ ರೊಟ್ಟಿಯೇ ಬೇಕಂತೆ. ನಾಲ್ಕು ಹೆಂಗಸರನ್ನು ಹತ್ತು ದಿನದ ಮಟ್ಟಿಗೆ ಕರೆಸಿಕೊಳ್ಳುತ್ತಾರಂತೆ. ದಸರೆಯೊಳಗೆ ಪಾಸ್‌ಪೋರ್ಟ್ ಕೈಗೆ ಬರಬೇಕು, ಬರದಿದ್ದರೆ ಅವಳ ಜಾಗಕ್ಕೆ ಬೇರೊಬ್ಬಳು. ಮೂವತ್ನಾಲ್ಕು ವರ್ಷದಲ್ಲಿ ಹುಬ್ಬಳ್ಳಿಯ ಆಚೆ ಕಾಲಿಡದ ನಾಗರತ್ನಾ, ಈ ಸುದ್ದಿ ಬಂದಾಗಿನಿಂದ ಪಾತ್ರೆ ತಿಕ್ಕುವಾಗಲೂ ಏನೋ ಗುನುಗುತ್ತಿದ್ದಳು. ಹೊನ್ನವ್ವನಿಗೆ ಆ ಗುನುಗೇ ಸೇರಲಿಲ್ಲ.

"ಯಾಕ, ಅಲ್ಲೆ ಹೆಂಗಸರಿಗೆ ಕೈ ಇಲ್ಲೇನ?"

"ಕೈ ಅದಾವ್ರಿ ಅತ್ತಿ. ರೊಟ್ಟಿ ಬಡ್ಯಾಕ ಬರಂಗಿಲ್ಲ."

"ಹತ್ತ ದಿನಾ ಅಂತ ಕರಕೊಂಡ್ ಹೋಗಿ ಹತ್ತ ವರ್ಷ ಇಟಗೊಂಡ್ರ?"

"ಇಟಗೊಂಡ್ರ ಅವ್ರಿಗೇ ತ್ರಾಸು, ದಿನಾ ರೊಟ್ಟಿ ತಿನಬೇಕಾಕ್ಕತಿ," ಎಂದು ನಾಗರತ್ನಾ ನಕ್ಕಳು. ಹೊನ್ನವ್ವ ನಗಲಿಲ್ಲ. ಮಗ ಮಾಲತೇಶ ಲಾರಿ ಡ್ರೈವರು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಅವನಿಗೆ ಫೋನ್ ಹಚ್ಚಿಸಿ ಕೇಳಿದರೆ, "ಹೋಗಿ ಬರ್ಲಿ ಬಿಡಬೇ ಯವ್ವಾ," ಎಂದು ಇಟ್ಟುಬಿಟ್ಟ. ಹೆಂಡತಿ ಹೇಳಿಕೊಟ್ಟ ಮಾತು, ಮತ್ತೇನು! ಅಂದಿನಿಂದ ಹೊನ್ನವ್ವ ಸೊಸೆಯ ಮೇಲೆ ಕಣ್ಣಿಟ್ಟಳು. ಅವಳು ಫೋನು ಹಿಡಿದು ಹಿತ್ತಲಿಗೆ ಹೋದರೆ ಈಕೆಗೂ ಹಿತ್ತಲಲ್ಲಿ ಕೆಲಸ ಹುಟ್ಟುತ್ತಿತ್ತು. ಹತ್ತು ದಿನದ ಊಟಕ್ಕೆ ಹೋಗುವವಳಿಗೆ ಇಷ್ಟೊಂದು ಮಾತು ಯಾರ ಜೊತೆ?

ಒಂದು ಮಧ್ಯಾಹ್ನ ಹೊನ್ನವ್ವ ಕಟ್ಟೆಯ ಮೇಲೆ ಕೂತು ಗೋವಿನಜೋಳದ ತೆನೆ ಬಿಡಿಸುತ್ತಿದ್ದಳು. ಎದುರುಮನೆಯ ಕರೆವ್ವ ತನ್ನ ಬಾಗಿಲಲ್ಲಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ಬೈಕೊಂದು ಬಂದು ನಿಂತಿತು. ನಲವತ್ತರ ಆಸುಪಾಸಿನ ಗಂಡಸು, ಮಡಿಕೆ ಮುರಿಯದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ.

"ಅವ್ವಾರ, ಈ ಓಣ್ಯಾಗ ಸುನಿತಾ ಅನ್ನೋರ ಮನಿ ಯಾವ್ದ್ರಿ?"

ಸುನಿತಾ ಎಂದರೆ ನಾಗರತ್ನಾಳೇ. ಆ ಮನೆತನದಲ್ಲಿ ಸೊಸೆಯಾಗಿ ಬಂದವಳಿಗೆ ಹೊಸ ಹೆಸರಿಡುವುದು ರೂಢಿ. ಹನ್ನೆರಡು ವರ್ಷದ ಹಿಂದೆ, ಸವಣೂರಿನಿಂದ ಸುನಿತಾ ಆಗಿ ಬಂದ ಹುಡುಗಿಗೆ ನಾಗರತ್ನಾ ಎಂದು ಹೆಸರಿಟ್ಟವಳು ಹೊನ್ನವ್ವನೇ. ಹಳೆಯ ಹೆಸರು ಶಾಲೆಯ ಕಾಗದದಲ್ಲಿ, ಆಧಾರ ಕಾರ್ಡಿನಲ್ಲಿ ಉಳಿದಿತ್ತೇ ಹೊರತು ಓಣಿಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಈಗ ಇವನ್ಯಾರು, ಮದುವೆಗೆ ಮುಂಚಿನ ಹೆಸರು ಹಿಡಿದು ಹುಡುಕಿಕೊಂಡು ಬರುವವನು?

"ಯಾವ ಸುನಿತಾ?"

"ಸವಣೂರಾಗ ಹುಟ್ಟಿದವ್ರು ನೋಡ್ರಿ. ಮುಂಜಾನಿಂದ ಫೋನ್ ಮಾಡಾಕತ್ತೇನಿ, ಎತ್ತವಲ್ರು."

ಹುಟ್ಟಿದ ಊರೂ ಗೊತ್ತು, ಫೋನ್ ನಂಬರೂ ಗೊತ್ತು! ರೊಟ್ಟಿ ಕೇಂದ್ರದಲ್ಲಿ ಸೊಸೆಯ ಎರಡೂ ಕೈ ಹಿಟ್ಟಿನಲ್ಲಿರುತ್ತವೆ, ಫೋನು ಎತ್ತುವುದು ಹೇಗೆ ಎಂಬ ಯೋಚನೆ ಅವಳ ತಲೆಗೆ ಬರಲೇ ಇಲ್ಲ.

"ಸುನಿತಾನೂ ಇಲ್ಲ, ಗಿನಿತಾನೂ ಇಲ್ಲ. ನಡಿ ಇಲ್ಲಿಂದ."

"ಸಿಟ್ಟಾಗಬ್ಯಾಡ್ರಿ ಅವ್ವಾರ, ನಾ ಪೊಲೀಸ್ ಠಾಣೇದಾಂವ. ಪಾಸ್‌ಪೋರ್ಟ್ ಎನ್‌ಕ್ವೈರಿ ಅದ." ಅವನು ಕಿಸೆಯಿಂದ ಕಾರ್ಡು ತೆಗೆದು ತೋರಿಸಿದ.

ಕಾರ್ಡು ಯಾರು ಬೇಕಾದರೂ ಮಾಡಿಸುತ್ತಾರೆ. ಆದರೆ ಕಾಲಲ್ಲಿದ್ದ ಕೆಂಪು ಬೂಟು ಪೊಲೀಸರದೇ ಎಂಬುದು ಹೊನ್ನವ್ವನಿಗೆ ಕಂಡಿತು. ಅವಳಿಗೆ ಗೊತ್ತಾಗಲಿಲ್ಲ ಎಂದು ನಾನು ಇಲ್ಲಿ ಸುಳ್ಳು ಹೇಳಿ ಹೊನ್ನವ್ವನನ್ನು ಉಳಿಸುವುದು ಬೇಡ. ಬೂಟು ನೋಡಿದ ಮೇಲೆ ಅವಳಿಗೆ ಎಲ್ಲ ತಿಳಿದಿತ್ತು. ಹೌದು ಅಂದರೆ ಸೊಸೆ ಹೋಗುತ್ತಾಳೆ, ಇಲ್ಲ ಅಂದರೆ ಉಳಿಯುತ್ತಾಳೆ. ಅಷ್ಟೇ ಲೆಕ್ಕ.

"ಹೇಳಿದ್ನಲ್ಲ, ಈ ಓಣ್ಯಾಗ ಸುನಿತಾ ಅನ್ನಾಕಿ ಇಲ್ಲ."

ಅವನು ಕರೆವ್ವನ ಕಡೆ ತಿರುಗಿದ. ಕರೆವ್ವ ಮೊದಲು ಹೊನ್ನವ್ವನ ಮುಖ ನೋಡಿದಳು. ಪರವೂರಿನವರು ಬಂದು ಏನಾದರೂ ಕೇಳಿದರೆ ಮೊದಲು ಮಾತಾಡಿದವರ ಉತ್ತರವೇ ಆ ಓಣಿಯ ಉತ್ತರ. ಅದನ್ನು ಯಾರೂ ಯಾರಿಗೂ ಕಲಿಸಿಕೊಟ್ಟದ್ದಲ್ಲ. "ಇಲ್ರಿ, ಅಂಥಾಕಿ ಯಾರೂ ಇಲ್ಲ," ಎಂದು ಕರೆವ್ವ ಬಳ್ಳೊಳ್ಳಿಗೆ ಕೈ ಹಾಕಿದಳು. ಅವನು ಏನೋ ಬರೆದುಕೊಂಡು ಹೋದ.

ಎಂಟು ದಿನಕ್ಕೆ ಫೋನಿನಲ್ಲಿ ಸಂದೇಶ ಬಂತು. ಈ ವಿಳಾಸದಲ್ಲಿ ಇಂಥವರು ವಾಸವಿಲ್ಲ ಎಂದು ಪೊಲೀಸ್ ವರದಿ, ಅರ್ಜಿ ತಡೆಹಿಡಿಯಲಾಗಿದೆ. ನಾಗರತ್ನಾ ಅದನ್ನು ಮೂರು ಸಲ ಓದಿದಳು. ಆಮೇಲೆ ಒಲೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಹೊನ್ನವ್ವ ನೀರು ತಂದುಕೊಟ್ಟಳು. ಅಯ್ಯೋ ಪಾಪ ಅನ್ನಿಸಿತು, ಗೆದ್ದೆ ಅಂತಲೂ ಅನ್ನಿಸಿತು.

ನಾಗರತ್ನಾಳ ಅನುಮಾನ ಹೋದದ್ದು ಕರೆವ್ವನ ಮೇಲೆ. ಹಿಂದಿನ ವಾರವಷ್ಟೇ ನಳದ ನೀರಿಗಾಗಿ ಇಬ್ಬರಿಗೂ ಜಗಳವಾಗಿತ್ತು. ಓಣಿಯ ನಡುವೆ ನಿಂತು, "ನನ್ನ ಬಾಯಾಗ ಮಣ್ಣ ಹಾಕಿ ನಿಂಗೇನ ಸಿಕ್ತಬೇ?" ಎಂದು ಕೂಗಿದಳು. ಕರೆವ್ವ ಬಾಯಿ ತೆರೆದಳು, ಹೊನ್ನವ್ವನನ್ನು ನೋಡಿದಳು, ಬಾಯಿ ಮುಚ್ಚಿದಳು. "ನಿನ್ನ ಹಳೇ ಹೆಸರು ನೆನಪಿಗೆ ಬರ್ಲಿಲ್ಲ ನಮ್ಮವ್ವಾ. ತಪ್ಪಾತು," ಎಂದಷ್ಟೇ ಹೇಳಿ ಒಳಗೆ ಹೋದಳು. ಹೊನ್ನವ್ವನಿಗೆ ಅಂದು ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ನಾಗರತ್ನಾ ಠಾಣೆಗೆ ಹೋಗಿ ಕೇಳಿದಾಗ, ಇಬ್ಬರು ನೆರೆಹೊರೆಯವರೋ ಮನೆಯವರೋ ಬಂದು ಸಾಕ್ಷಿ ಹೇಳಿದರೆ ವರದಿ ತಿದ್ದಿ ಕಳಿಸುತ್ತೇವೆ ಎಂದರಂತೆ. ಕರೆವ್ವ ತಾನೇ ಬರುತ್ತೇನೆ ಎಂದಳು. ಇನ್ನೊಬ್ಬರು ಯಾರು?

"ನೀವು ಬರ್ರಿ ಅತ್ತಿ. ನಿಮಗಿಂತ ದೊಡ್ಡ ಸಾಕ್ಷಿ ಯಾರದಾರ?"

ಹೊನ್ನವ್ವ ಮಂಡಿನೋವು ಅಂದಳು, ಎಮ್ಮೆ ಅಂದಳು, ಅಮಾವಾಸ್ಯೆ ಅಂದಳು. ಕರೆವ್ವ ಪಕ್ಕಕ್ಕೆ ಬಂದು ಮೆಲ್ಲಗೆ, "ಸುಮ್ಮನ ನಡಿ. ಇಲ್ಲಾಂದ್ರ ನಾ ಬಾಯಿ ಬಿಡ್ತೇನಿ," ಎಂದಳು. ಠಾಣೆಯಲ್ಲಿ ಆ ಬೈಕಿನವನು ಇರದಿರಲಿ, ರಜೆಯ ಮೇಲೆ ಹೋಗಿರಲಿ ಎಂದು ಹೊನ್ನವ್ವ ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡಳು.

ಅವನು ಇದ್ದ. ಎದೆಯ ಮೇಲಿನ ಪಟ್ಟಿಯಲ್ಲಿ ಸಂಜಯ ಎಂದು ಹೆಸರು. ಫೈಲು ತೆರೆದು ತಲೆ ಎತ್ತಿದವನೇ ಹೊನ್ನವ್ವನನ್ನು ಗುರುತು ಹಿಡಿದ.

"ಅವ್ವಾರ, ಸುನಿತಾ ಅನ್ನೋರು ಇಲ್ಲ ಅಂತ ಎರಡ ಸಲ ಹೇಳಿದವ್ರು ನೀವ ಅಲ್ರಿ?"

ನಾಗರತ್ನಾ ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು. ಕರೆವ್ವ ನೆಲ ನೋಡಿದಳು.

"ಹೌದ್ರಿ ಸಾಹೇಬ್ರ, ನಾನ," ಎಂದಳು ಹೊನ್ನವ್ವ. ಸುಳ್ಳು ಹೇಳಲು ಜಾಗವೇ ಉಳಿದಿರಲಿಲ್ಲ. "ಮೊದ್ಲು, ಯಾವನೋ ಗಂಡಸು ಹಳೇ ಗುರ್ತಿನ್ಯಾಗ ಹುಡುಕ್ಕೊಂಡ ಬಂದಾನ ಅಂತ ತಿಳಿದೆ. ಆಮ್ಯಾಲ ನೀವು ಪೊಲೀಸರು ಅಂತ ಗೊತ್ತಾತು. ಹೋದಾಕಿ ತಿರುಗಿ ಬರಂಗಿಲ್ಲ ಅಂತ ಅಂಜಿಕಿ ಆತ್ರಿ. ಅದಕ್ಕ ಇಲ್ಲ ಅಂದೆ."

"ಹನ್ನೆರಡ ವರ್ಷ ಆತಲ್ರಿ ಅತ್ತಿ," ಎಂದಳು ನಾಗರತ್ನಾ. ದನಿ ಏರಲಿಲ್ಲ. "ಯಾವ ಗಂಡಸ್ರಿ?"

ಸಂಜಯ ಕೆಮ್ಮಿ, ಹೊಸ ವರದಿ ಬರೆಯತೊಡಗಿದ. ಕರೆವ್ವ ಸಹಿ ಹಾಕಿದಳು. ಅವನು ಅರ್ಜಿಯ ಹಾಳೆ ತಿರುವುತ್ತ, "ಅಲ್ಲಿ ಹೋದ ಮ್ಯಾಲ ಏನರ ಹೆಚ್ಚುಕಡಿಮಿ ಆದ್ರ ಯಾರಿಗೆ ತಿಳಿಸಬೇಕು ಅಂತ ಇದ್ರಾಗ ಕೇಳಿರ್ತಾರ್ರಿ," ಎಂದ. "ಎಲ್ರೂ ಗಂಡನ ಹೆಸರು ಬರಸ್ತಾರ, ಇಲ್ಲಾ ತವರುಮನಿದು. ನೀವು ಹೊನ್ನವ್ವ ಅಂತ ಬರಸೀರಿ. ಯಾರ್ರಿ ಈ ಹೊನ್ನವ್ವ?"

ಹೊನ್ನವ್ವ ಮೇಜಿನ ಹತ್ತಿರ ಸರಿದಳು. "ನಾನ ರೀ," ಎಂದಳು.

ನಾಗರತ್ನಾ ಮೇಜಿನ ಮೇಲಿನ ಹಾಳೆಯನ್ನೇ ನೋಡುತ್ತಿದ್ದಳು.

"ಸಾಹೇಬ್ರ, ಆ ಹೆಸರು ಈಗ ಬದ್ಲಿ ಮಾಡಾಕ ಬರ್ತೈತೇನ್ರಿ?"

"ಇಲ್ಲಿ ಬರಂಗಿಲ್ರಿ. ಮತ್ತ ಹುಬ್ಬಳ್ಳಿ ಆಫೀಸಿಗೆ ಹೋಗಬೇಕು. ದಸರಾದೊಳಗ ಆಗೋದಿಲ್ಲ."

ನಾಗರತ್ನಾ ಹಾಳೆಯನ್ನು ಅವನ ಕಡೆ ಸರಿಸಿದಳು. "ಹಂಗಾರ ಇರ್ಲಿ ಬಿಡ್ರಿ," ಎಂದಳು.

ಸಂಜಯ ಶಾಯಿಯ ಡಬ್ಬಿ ಮುಂದೆ ತಳ್ಳಿದ. ಹೊನ್ನವ್ವ ಹೆಬ್ಬೆಟ್ಟು ಅದ್ದಿ ಹಾಳೆಯ ಮೇಲೆ ಒತ್ತಿದಳು. ದಸರೆಗೆ ದಿನ ಉಳಿದಿಲ್ಲ ಅಂತ ಸೊಸೆ ಇರ್ಲಿ ಅಂದಳೋ, ಇನ್ನೂ ತಾನು ಬೇಕು ಅಂತ ಇರ್ಲಿ ಅಂದಳೋ? ಕೇಳಬೇಕೆಂದು ಅವಳ ಕಡೆ ನೋಡಿದಳು. ಕೇಳುವ ಬಾಯಿ ತನಗೆ ಉಳಿದಿಲ್ಲ ಎಂದು ಗೊತ್ತಾಗಿ, ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಎದ್ದಳು.