ಕೆಂಚಾರ್ಲಹಳ್ಳಿಯ ಬಾರ್‌ಕೋಡ್

ಬಾರ್‌ಕೋಡ್ ಅಂದರೆ ಒಂದು ಬಟನ್ ಅಷ್ಟೇ ಎಂದು ಪವಿತ್ರ ಹೇಳಿದ್ದು ನಿಜ. ಹೇಳುವಾಗ ಆ ಬಟನ್ ಇನ್ನೂ ಹುಟ್ಟಿರಲಿಲ್ಲ, ಅದು ಬೇರೆ ಮಾತು. ಚಿಂತಾಮಣಿಯ ಜೆರಾಕ್ಸ್ ಅಂಗಡಿಯೊಂದರ ಮಹಡಿಯಲ್ಲಿ ಕೂತು ಅವಳು ಬರೆದ ಸಾಫ್ಟ್‌ವೇರ್ ಕೆಂಚಾರ್ಲಹಳ್ಳಿಯ ರಮೇಶ್‌ಬಾಬು ಅವರ ಚಾಕಿ ಕೇಂದ್ರದ ಹಳೇ ಕಂಪ್ಯೂಟರಿನಲ್ಲಿ ವರ್ಷಗಳಿಂದ ಗೊಣಗದೆ ದುಡಿಯುತ್ತಿತ್ತು. ಚಾಕಿ ಕೇಂದ್ರವೆಂದರೆ ರೇಷ್ಮೆಯ ಮರಿಹುಳುಗಳ ಬಾಲವಾಡಿ. ಹುಳು ಪೊರೆ ಬಿಡುವುದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ; ಜ್ವರಕ್ಕೆ ಕೂತ ಹುಳು ಮೇಯುವುದಿಲ್ಲ, ಅಲುಗುವುದೂ ಇಲ್ಲ. ಎರಡು ಜ್ವರ ದಾಟಿದವನ್ನು ರೈತರು ಟ್ರೇಗಳಲ್ಲಿ ಮನೆಗೆ ಒಯ್ಯುತ್ತಾರೆ.

ಹಿಂದಿನ ಬೆಳೆಯಲ್ಲಿ ಟ್ರೇಗಳು ಅದಲುಬದಲಾಗಿದ್ದವು. ಬೈವೋಲ್ಟಿನ್ ತಳಿ ಕೇಳಿದ್ದ ಆವಲಪ್ಪನಿಗೆ ಮಿಶ್ರತಳಿ ಹೋಗಿತ್ತು. ಆ ವಯಸ್ಸಿನಲ್ಲಿ ಹುಳುಗಳೆಲ್ಲ ಒಂದೇ ಥರ. ಆವಲಪ್ಪನಿಗೆ ಗೊತ್ತಾಗಿದ್ದು ಅವು ಗೂಡು ಕಟ್ಟಿದ ಮೇಲೆ: ಬೆಳ್ಳಗಿರಬೇಕಾದ ಗೂಡು ಹಳದಿಯಾಗಿತ್ತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಈ ಕಥೆ ಕೇಳದ ಕಿವಿ ಉಳಿಯಲಿಲ್ಲ.

"ಬೆಂಗಳೂರಿನ ಕಂಪನಿಯೋರು ಬಾರ್‌ಕೋಡ್ ಇರೋ ಆ್ಯಪ್ ಕೊಡ್ತೀವಿ ಅಂತವ್ರೆ ಕಣಮ್ಮ," ಎಂದಿದ್ದರು ರಮೇಶ್‌ಬಾಬು. "ಈ ಬ್ಯಾಚ್‌ಗೆ ನೀನೇ ಮಾಡ್ಕೊಟ್ರೆ ನಿಂದೇ ಇರ್ಲಿ. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡ."

ಬೇಜಾರಿನ ಪ್ರಶ್ನೆಯಲ್ಲ. ರಮೇಶ್‌ಬಾಬು ತಗೊಂಡರು ಅಂತಲೇ ಸುತ್ತಲಿನ ಕೇಂದ್ರದವರೆಲ್ಲ ಅವಳ ಸಾಫ್ಟ್‌ವೇರ್ ತಗೊಂಡಿದ್ದರು. ಅವರು ಬಿಟ್ಟರೆ ಅದೇ ಕಾರಣಕ್ಕೆ ಎಲ್ಲರೂ ಬಿಡುತ್ತಾರೆ.

ಪವಿತ್ರ ಬಟನ್ ಮಾಡಿದಳು. ಒತ್ತಿದರೆ ರೈತನ ಹೆಸರು, ತಳಿ, ಮೊಟ್ಟೆ ಬಂದ ದಿನ ಎಲ್ಲ ಸೇರಿ ಕಪ್ಪು ಗೀಟುಗಳಾಗಿ ಸ್ಟಿಕರ್ ಮೇಲೆ ಇಳಿಯುತ್ತಿದ್ದವು. ಸ್ಕ್ಯಾನರ್ ಹಿಡಿದರೆ ಕೀಂ. ಮಹಡಿಯ ರೂಮಿನಲ್ಲಿ ಒಂದು ಸಲವೂ ತಪ್ಪಲಿಲ್ಲ. ಅವಳು ಬಸ್ ಹತ್ತಿ ಕೆಂಚಾರ್ಲಹಳ್ಳಿಗೆ ಬಂದಳು.

ಅಲ್ಲಿ ರಮೇಶ್‌ಬಾಬು ಅವರ ತಾಯಿ ಚಿಕ್ಕವೆಂಕಟಮ್ಮ ಇದ್ದರು. ಕೇಂದ್ರದ ಬೋರ್ಡಿನಲ್ಲಿ ಮಗನ ಹೆಸರು. ಕೇಂದ್ರದಲ್ಲಿ ತಾಯಿಯದೇ ಮಾತು.

"ಕರೀದಾ?" ಎಂದರು ಸ್ಟಿಕರ್ ನೋಡಿ. "ಹುಳ ಅಂದ್ರೆ ಲಕ್ಷ್ಮಿ ಕಣೇ. ಲಕ್ಷ್ಮಿ ಮಕಕ್ಕೆ ಕರೀ ಗೀಟು ಎಳೀತೀಯಾ? ಮೊದಲ್ನೇ ಸಲ ಬೇರೆ. ಎರ್ರಗಾ ಉಂಡಾಲಿ. ಕುಂಕುಮದಂಗೆ ಕೆಂಪಗಿರ್ಬೇಕು."

"ಆಯ್ತಜ್ಜಿ. ಬಣ್ಣ ಯಾವ್ದಾದ್ರೇನು, ಗೀಟು ಗೀಟೇ."

ಅಲ್ಲೇ ಕೂತು ಬಣ್ಣಗಳದೊಂದು ಪಟ್ಟಿಯನ್ನೂ ಸಾಫ್ಟ್‌ವೇರಿಗೆ ಸೇರಿಸಿದಳು. ಕೇಂದ್ರದ ಕಲರ್ ಪ್ರಿಂಟರಿನಿಂದ ಅಚ್ಚ ಕುಂಕುಮದ ಬಣ್ಣದ ಗೀಟುಗಳು ಹೊರಬಂದವು. ಸಂಜೆಯೊಳಗೆ ಎಲ್ಲ ಟ್ರೇಗಳಿಗೂ ಅಂಟಿಸಿದ್ದಾಯಿತು. ಕಪ್ಪಿನಲ್ಲಿ ಓದಿದ್ದನ್ನು ಕೆಂಪಿನಲ್ಲಿ ಇನ್ನೊಮ್ಮೆ ಓದಿಸಿ ನೋಡುವುದು ಅವಳಿಗೆ ತನ್ನ ಕೆಲಸವನ್ನೇ ಅನುಮಾನಿಸಿದಂತೆ ಕಂಡಿತು.

ಬೆಳಗ್ಗೆ ರೈತರು ಟೆಂಪೊಗಳಲ್ಲಿ ಬಂದರು. ಬಿಸಿಲೇರುವುದರೊಳಗೆ ಹುಳು ಹೊರಡಬೇಕು, ತಡವಾದರೆ ಬಾಡುತ್ತವೆ. ಸಾಲಿನ ಮುಂದೆ ಆವಲಪ್ಪ, ಇನ್ಯಾರು ನಿಂತಾರು?

ಪವಿತ್ರ ಮೊದಲ ಟ್ರೇಗೆ ಸ್ಕ್ಯಾನರ್ ಹಿಡಿದಳು. ಸದ್ದಿಲ್ಲ. ಹತ್ತಿರ ಹಿಡಿದಳು, ದೂರ ಹಿಡಿದಳು, ವೈರು ಕಿತ್ತು ಮತ್ತೆ ಸಿಕ್ಕಿಸಿದಳು.

"ಏನಮ್ಮ," ಎಂದ ಆವಲಪ್ಪ, "ಮಿಷಿನ್ನೂ ಜ್ವರಕ್ಕೆ ಕೂತೈತಾ?"

ಹಿಂದಿನವರು ನಕ್ಕರು. ಮೇಜಿನ ಮೇಲಿದ್ದ ಬಿಸ್ಕತ್ತಿನ ಪೊಟ್ಟಣಕ್ಕೆ ಹಿಡಿದರೆ ಸ್ಕ್ಯಾನರ್ ತಕ್ಷಣ ಕೀಂ ಎಂದಿತು.

"ಬಿಸ್ಕತ್ತು ಯಾವ್ದು ಅಂತ ಗೊತ್ತಾಯ್ತು. ನನ್ನ ಹುಳ ಯಾವ್ದು?"

ರಮೇಶ್‌ಬಾಬು ಜೇಬಿನಿಂದ ಮೊಬೈಲ್ ತೆಗೆದರು. "ಕಂಪನಿಯೋರಿಗೆ ಒಂದು ಫೋನ್ ಹಾಕ್ಲೇನಮ್ಮ?"

"ಹಾಕಿ ಅಣ್ಣ. ಅವ್ರು ಎತ್ತೋ ಹೊತ್ಗೆ ನಂದು ಮುಗ್ದಿರುತ್ತೆ."

ಹೇಗೆ ಮುಗಿಯುತ್ತದೆಂದು ಹೇಳುವಾಗ ಅವಳಿಗೂ ಗೊತ್ತಿರಲಿಲ್ಲ. ಬಗ್ಗಿ ಇನ್ನೊಮ್ಮೆ ಸ್ಕ್ಯಾನರ್ ಒತ್ತಿ, ಈ ಸಲ ಕಂಪ್ಯೂಟರ್ ಬಿಟ್ಟು ಸ್ಟಿಕರನ್ನೇ ನೋಡಿದಳು. ಸ್ಕ್ಯಾನರಿನ ಕೆಂಪು ಬೆಳಕು ಬಿದ್ದ ಕಡೆ ಕೆಂಪು ಗೀಟುಗಳು ಇಲ್ಲವೇ ಇಲ್ಲವೆಂಬಂತೆ ಕರಗಿದ್ದವು. ಆ ಬೆಳಕಿಗೆ ಅದು ಬರೀ ಬಿಳೀ ಕಾಗದ.

"ತಪ್ಪು ನಂದೇ," ಎಂದಳು ಎಲ್ಲರಿಗೂ ಕೇಳುವಂತೆ. "ಇದರ ಬೆಳಕು ಕೆಂಪು. ಕೆಂಪು ಬೆಳಕಿಗೆ ಕೆಂಪು ಗೀಟು ಕಾಣಲ್ಲ. ನಿನ್ನೆನೇ ನೋಡ್ಬೇಕಿತ್ತು."

"ಕರೀದು ಹಾಕ್ತೀನಿ ಅಂತ ಮಾತ್ರ ಅನ್ಬೇಡ," ಎಂದರು ಚಿಕ್ಕವೆಂಕಟಮ್ಮ.

"ಕರೀದು ಯಾಕಜ್ಜಿ? ಹುಳ ಮೇಯೋ ಸೊಪ್ಪು ಯಾವ ಬಣ್ಣ?"

ಇದರಲ್ಲೇನೋ ಮಸಲತ್ತಿದೆ ಎಂದು ಮುದುಕಿ ಒಂದು ಗಳಿಗೆ ನೋಡಿದರು. "ಹಿಪ್ಪುನೇರಳೆ ಇನ್ಯಾವ ಬಣ್ಣ ಇರ್ತದೆ? ಹಸ್ರು."

"ಅದನ್ನೇ ಹಾಕಣ."

ದಟ್ಟ ಹಸಿರಿನಲ್ಲಿ ಒಂದೇ ಒಂದು ಸ್ಟಿಕರ್ ಮೊದಲು ಬಂತು. ಹಸಿರು ಗೀಟು ಕೆಂಪು ಬೆಳಕನ್ನು ನುಂಗುತ್ತದೆ, ಕಪ್ಪಿನ ಹಾಗೆಯೇ. ಕೀಂ. ಪರದೆಯ ಮೇಲೆ ಮೂಡಿತು: ಆವಲಪ್ಪ, ಬೈವೋಲ್ಟಿನ್.

"ಇನ್ನೊಂದ್ಸಲ ಒತ್ತಮ್ಮ," ಎಂದ ಆವಲಪ್ಪ.

ಒತ್ತಿದಳು. ಹೆಸರು ಬದಲಾಗಲಿಲ್ಲ.

"ಇರ್ಲಿ. ಗೂಡು ಬೆಳ್ಳಗೆ ಬಿದ್ಮೇಲೆ ಮಾತಾಡಣ," ಎಂದವನು ಟ್ರೇಗಳನ್ನು ತಾನೇ ಎತ್ತಿಕೊಂಡ. ಉಳಿದವರು ಅವನಿಗಿಂತ ಧಾರಾಳಿಗಳು, ಒಂದೇ ಕೀಂಗೆ ಒಪ್ಪಿದರು. ಹಿಂದಿನ ಸಂಜೆ ಅಂಟಿಸಿದ ಸಾಲಿನಲ್ಲೇ ಕೂತಿದ್ದ ಟ್ರೇಗಳಿಗೆ ಅದೇ ಕ್ರಮದಲ್ಲಿ ಕೆಂಪು ಸ್ಟಿಕರಿನ ಮೇಲೆ ಹಸಿರು ಸ್ಟಿಕರ್ ಅಂಟಿಸುತ್ತ ಹೋದಂತೆ ಟೆಂಪೊಗಳು ತುಂಬಿ ಹೊರಟವು. ಬಿಸಿಲು ಅಂಗಳಕ್ಕೆ ಬರುವಷ್ಟರಲ್ಲಿ ಕೇಂದ್ರ ಖಾಲಿ.

ಆಗ ಕಂಪನಿಯವರು ಫೋನ್ ಎತ್ತಿದರು. "ಏನಿಲ್ಲ ಬಿಡಿ ಸಾರ್," ಎಂದರು ರಮೇಶ್‌ಬಾಬು, "ನಮ್ ಹುಡ್ಗಿ ಮಾಡ್ಕೊಟ್ಲು. ಹ್ಞೂಂ, ಹಳೇದ್ರಲ್ಲೇ. ಇಲ್ಲ, ಬೇಕಾಗಲ್ಲ."

ಪವಿತ್ರ ಕೇಳಿಸಿಕೊಳ್ಳದವಳ ಹಾಗೆ ಕಂಪ್ಯೂಟರಿನ ಮುಂದೆ ಕೂತು ಬಣ್ಣಗಳ ಪಟ್ಟಿಯಿಂದ ಕೆಂಪು ಬೆಳಕಿಗೆ ಕಾಣದ ಕೆಂಪು, ಕೇಸರಿ, ಹಳದಿ ಮೂರನ್ನೂ ಅಳಿಸುತ್ತಿದ್ದಳು. ಚಿಕ್ಕವೆಂಕಟಮ್ಮ ಕಾಫಿ ತಂದಿಟ್ಟು ಪರದೆಯನ್ನೇ ನೋಡುತ್ತ ನಿಂತರು.

"ವರಮಾಲಕ್ಷ್ಮಿ ಹಬ್ಬಕ್ಕೆ ಬರೋ ಹುಳಕ್ಕೆ ಅರಿಶ್ಣದ ಬಣ್ಣ ಹಾಕ್ಕೊಡಮ್ಮ."

"ಆ ಬಣ್ಣ ಖಾಲಿ ಆಯ್ತಲ್ಲ ಅಜ್ಜಿ."

"ಕಂಪ್ಯೂಟ್ರಾಗೂ ಖಾಲಿ ಆಗ್ತದಾ?"

"ಈಗ ತಾನೇ ಆಯ್ತು," ಎಂದು ಪವಿತ್ರ ಕಾಫಿ ಲೋಟ ಎತ್ತಿಕೊಂಡಳು.