ಅವನೇ ಮಾಡಿದ ಕರೆ

ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ತಮ್ಮನದು ಮಡಿಸುವ ಕೆಲಸ. ಇಸ್ತ್ರಿ ಮಾಡುವ ಬಿಸಿ ಉರುಳೆಗಳ ನಡುವಿಂದ ಬರುವ ಹಾಸುಬಟ್ಟೆಯ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅಕ್ಕನ ಕೈಯಲ್ಲಿ. ಹತ್ತಿರ ಬಂದು ತುದಿ ಸೇರಿಸಿ ಮತ್ತೆ ಹಿಂದೆ ಸರಿಯಬೇಕು. ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಅವನಿಗೆ ಇಲ್ಲಿ ಓಡಾಡುವುದಕ್ಕೊಂದು ನೆಪವಾದರೂ ಇತ್ತು.

ಅಂದು ಯಾರದೋ ಜೇಬಿನಲ್ಲಿ ಫೋನ್ ರಿಂಗಾಯಿತು. ಅವನ ಬೆರಳು ತಾನಾಗಿ ಸಡಿಲವಾಗಿ, ಹಾಸುಬಟ್ಟೆ ನೆಲಕ್ಕೆ ಬಿತ್ತು.

"ತಮ್ಮನ ಕೈಗೆ ಎಣ್ಣೆ ಹಚ್ಚಿ ಕಳಿಸ್ತೀಯೇನಮ್ಮ?" ಎಂದ ಮೇಸ್ತ್ರಿ. "ಹೋಗಿ, ಮತ್ತೆ ಒಗೆಯೋಕೆ ಹಾಕಿ ಬನ್ನಿ."

ವಲಸೆಯ ದಾರಿಯಲ್ಲಿ ಅವನನ್ನು ಹಣಕ್ಕಾಗಿ ಹಿಡಿದಿಟ್ಟವರ ವಿಧಾನ ಸರಳವಾಗಿತ್ತು. ಮನೆಗೆ ಕರೆ ಮಾಡಿ, ಫೋನನ್ನು ಅವನ ಬಾಯಿಗೆ ಹಿಡಿದು, ಹೊಡೆಯುತ್ತಿದ್ದರು. ಆ ಕೂಗು ಕೇಳಿ ಅಮ್ಮ ಮೊದಲು ಕೊರಳ ಸರ ಮಾರಿದಳು, ಆಮೇಲೆ ಹೊಲಿಗೆ ಯಂತ್ರ, ಕೊನೆಗೆ ಮನೆ. ಅವನು ಬಿಡುಗಡೆಯಾಗಿ ಅಕ್ಕನ ಬಾಡಿಗೆ ಕೋಣೆ ಸೇರಿ ತಿಂಗಳುಗಳಾಗಿದ್ದವು. ಗಾಯ ಮಾಯ್ದಿತ್ತು. ಆದರೆ ದೇಹ ತಾನು ಕಲಿತ ಪಾಠವನ್ನು ಬಿಟ್ಟಿರಲಿಲ್ಲ: ಫೋನ್ ಹತ್ತಿರ ಬಂದರೆ ಸಾಕು, ಬೆನ್ನು ಏಟಿಗೆ ಕಾಯುತ್ತಿತ್ತು. ಬಿಡುಗಡೆಯಾದ ಮೇಲೆ ಅಮ್ಮನೊಂದಿಗೆ ಅವನು ಒಮ್ಮೆಯೂ ಮಾತಾಡಿರಲಿಲ್ಲ.

ಒದ್ದೆ ಬಟ್ಟೆಯ ತಳ್ಳುಗಾಡಿಗಳ ಹತ್ತಿರ ಅಕ್ಕ ಅವನನ್ನು ತಡೆದಳು.

"ಅಮ್ಮ ನೆನ್ನೆಯಿಂದ ಊಟ ಬಿಟ್ಟಿದ್ದಾಳೆ ಕಣೋ. ನೀನು ಇಲ್ಲಿ ಇಲ್ವೇ ಇಲ್ಲ, ನಾನು ಸತ್ಯ ಬಚ್ಚಿಡ್ತಿದೀನಿ ಅಂತಾಳೆ."

"ಫೋಟೋ ಕಳಿಸಿದ್ಯಲ್ಲ."

"ಮೊದಲನೇದು ಹಳೇದಂತೆ. ಎರಡನೇದರಲ್ಲಿ ದಪ್ಪಗಿದೀಯ, ಅದು ನೀನೇ ಅಲ್ವಂತೆ."

"ನಿನ್ನ ಅಡುಗೆ ತಿಂದು ಯಾರು ದಪ್ಪ ಆಗ್ತಾರೆ?"

ಅಕ್ಕ ನಗಲಿಲ್ಲ. "ದನಿ ಕೇಳ್ಬೇಕಂತೆ. ಒಂದೇ ಒಂದು ಮಾತಾಡು."

ಅವನು ಗಾಡಿಗಳ ಸಂದಿಯಲ್ಲಿ ಅತ್ತ ಹೋದ, ಇತ್ತ ಬಂದ. ಕೊನೆಗೆ, ಹಿಂದೆ ಯಾರೂ ನಿಲ್ಲಲಾಗದಂತೆ ಗೋಡೆಗೆ ಬೆನ್ನೊತ್ತಿ, ಕೈ ಚಾಚಿದ. ಅಕ್ಕ ನಂಬರ್ ಒತ್ತಿ ಫೋನ್ ಕೊಟ್ಟಳು.

"ಅಮ್ಮಾ," ಎಂದ.

ಆ ಕಡೆಯಿಂದ ಅಮ್ಮ ತಗ್ಗಿದ ದನಿಯಲ್ಲಿ ಕೇಳಿದಳು: "ಈ ಸಲ ಎಷ್ಟಂತೆ?"

"ಯಾರೂ ಏನೂ ಕೇಳ್ತಿಲ್ಲಮ್ಮ. ಅಕ್ಕನ ಹತ್ರ ಇದೀನಿ."

"ಹಾಗೆ ಹೇಳು ಅಂದಿದ್ದಾರಾ? ಪಕ್ಕದಲ್ಲೇ ಇದ್ದಾರಾ? ಮಾರೋಕೆ ಇನ್ನೇನೂ ಉಳಿದಿಲ್ಲ ಅನ್ನು. ಕೈಮುಗಿದು ಹೇಳು ಮಗನೇ."

ಅಕ್ಕ ಫೋನಿಗೆ ಕೈ ಹಾಕಿದಳು, ಅವನು ಕೊಡಲಿಲ್ಲ. ಪಕ್ಕದಲ್ಲಿ ಯಾರೂ ಇಲ್ಲವೆಂದು ಬಾಯಿಮಾತಿನಲ್ಲಿ ತೋರಿಸುವುದು ಹೇಗೆ? ಸೆರೆಯಲ್ಲಿದ್ದಾಗ ಕರೆ ಶುರು ಮಾಡುವುದೂ ಹಿಡಿದಿಟ್ಟವರೇ, ಮುಗಿಸುವುದೂ ಅವರೇ ಆಗಿತ್ತು.

"ಅಮ್ಮ, ಕೇಳು. ಈಗ ನಾನೇ ಫೋನ್ ಇಡ್ತೀನಿ. ಆಮೇಲೆ ನಾನೇ ಮತ್ತೆ ಮಾಡ್ತೀನಿ. ಅವರ ಕೈಯಲ್ಲಿದ್ರೆ ಹಾಗೆ ಬಿಡ್ತಿದ್ರಾ?"

"ಬೇಡ, ಇಡಬೇಡ..."

ಕರೆ ಕತ್ತರಿಸಿದ.

"ಏನೋ ಮಾಡ್ದೆ? ಅವಳ ಜೀವ ಹೋಗುತ್ತೆ," ಎಂದಳು ಅಕ್ಕ.

ಈ ಸಲ ನಂಬರನ್ನು ಅವನೇ ಒತ್ತಬೇಕಿತ್ತು. ಒಮ್ಮೆ ಅಂಕಿ ತಪ್ಪಿತು. ಅಳಿಸಿ ಮತ್ತೆ ಒತ್ತಿದ. ರಿಂಗ್ ಮುಗಿಯುವ ಮೊದಲೇ ಅಮ್ಮ ಎತ್ತಿಕೊಂಡಳು.

"ತಾಯಿ ಮಾತಾಡ್ತಿರುವಾಗ ಫೋನ್ ಇಡೋದು ಯಾವ ಸೀಮೆ ಬುದ್ಧಿನೋ, ಕತ್ತೆ? ಹೇಳೋರು ಕೇಳೋರು ಯಾರೂ ಇಲ್ವಾ ನಿನಗೆ?"

"ಇಲ್ಲಮ್ಮ," ಎಂದ ಅವನು. "ಯಾರೂ ಇಲ್ಲ."

ಅಮ್ಮ ಬೈಯುತ್ತಲೇ ಹೋದಳು. ಬೆನ್ನು ಇನ್ನೂ ಏಟಿಗೆ ಕಾಯುತ್ತಿತ್ತು. ಅವನು ಗೋಡೆ ಬಿಟ್ಟು, ಫೋನನ್ನು ಕಿವಿಗೆ ಒತ್ತಿಕೊಂಡು, ಗಾಡಿಗಳ ನಡುವೆ ಓಡಾಡತೊಡಗಿದ.